ಕೋವಿ ಇಲ್ಲದೆ ಹಂದಿಯ ಜಾಡು: ಗೆಳೆಯರ ಜೊತೆ ಮೊದಲ ಕಾಡು ತಿರುಗಾಟಕ್ಕೆ ತಯಾರಿ

ನಮ್ಮ ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ನಾಲ್ಕು ಗೆಳೆಯರು ಸೇರಿದರೆ ಒಬ್ಬನಾದರೂ ಈ ಮಾತು ತೆಗೆಯುತ್ತಾನೆ: "ಒಂದ್ಸಲ ಹಂದಿ ಶಿಕಾರಿಗೆ ಹೋಗೋಣ್ವಾ ಮಾರಾಯಾ?" ಈಗಂತೂ ಮೊಬೈಲಿನಲ್ಲಿ ಅಮೆರಿಕದ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಟೆಕ್ಸಾಸ್‌ನಲ್ಲಿ ಗೈಡ್‌ಗೆ ದುಡ್ಡು ಕೊಟ್ಟು, ಕೋವಿ ಹಿಡಿದು, ರಾತ್ರಿಯಿಡೀ ಹಂದಿ ಹೊಡೆಯುತ್ತಾರೆ. ಅಲ್ಲಿ ಅದಕ್ಕೆ ಕಾರಣವಿದೆ. ಆ ಹಂದಿ ಅಲ್ಲಿನ ಮೂಲದ ಪ್ರಾಣಿಯೇ ಅಲ್ಲ. ಯುರೋಪಿನವರು ಸಾಕಲು ತಂದ ಹಂದಿಗಳು ಕಾಡು ಸೇರಿ, ಲಕ್ಷಗಟ್ಟಲೆಯಾಗಿ, ಹೊಲ ಹಾಳು ಮಾಡುತ್ತಿವೆ. ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ ಸಾಕು, 2019ರಿಂದ ಅಲ್ಲಿ ಹಂದಿಗೆ ಬೇಟೆ ಲೈಸೆನ್ಸ್ ಕೂಡ ಬೇಡ.

ನಮ್ಮಲ್ಲಿ ಕಾಡುಹಂದಿ ಇಲ್ಲಿನದೇ ಪ್ರಾಣಿ. ಹುಲಿ, ಚಿರತೆ, ಕೆನ್ನಾಯಿಗಳಿಗೆ ಊಟ. ನಮ್ಮ ಕಾನೂನು ಬೇರೆ. ಹಾಗಂತ ಆಸೆ ಅಲ್ಲಿಗೇ ಮುಗಿಯಬೇಕಿಲ್ಲ. ಬೇಟೆಯಲ್ಲಿ ನಿಜವಾದ ಖುಷಿ ಇರುವುದು ಜಾಡು ಹಿಡಿಯುವುದರಲ್ಲಿ, ಗಾಳಿ ನೋಡಿ ಕೂರುವುದರಲ್ಲಿ, ಕತ್ತಲಲ್ಲಿ ಸಪ್ಪಳ ಕೇಳಿ ಇದು ಇಂಥದ್ದೇ ಎಂದು ಗುರುತಿಸುವುದರಲ್ಲಿ. ಇವೆಲ್ಲ ಕೋವಿ ಇಲ್ಲದೆಯೂ ಸಿಗುತ್ತವೆ. ಈ ಲೇಖನ ಅಂಥ ಒಂದು ತಿರುಗಾಟವನ್ನು ಮೊದಲ ಸಲ ಹೊಂದಿಸುವವರಿಗೆ.

ಮೊದಲು ಕಾನೂನು, ಗೆಳೆಯರೆಲ್ಲರಿಗೂ

ಇದನ್ನು ವಾಟ್ಸಾಪ್ ಗುಂಪು ಮಾಡಿದ ದಿನವೇ ಹೇಳಿಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿ ಬೇಟೆ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಸಂರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರ ಅಂದುಕೊಳ್ಳಬೇಡಿ. ಉರುಳು ಹಾಕುವುದು, ಬಲೆ ಬೀಸುವುದು, ಬೇಟೆಗಾಗಿ ಅಟ್ಟುವುದು, ಆಮಿಷ ಇಡುವುದು, ಇವುಗಳಲ್ಲಿ ಯಾವುದಕ್ಕೆ ಪ್ರಯತ್ನಿಸಿದರೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಅಪರಾಧಕ್ಕೆ ಬಳಸಿದ ಜೀಪು, ಬೈಕು ಕೂಡ ಸರಕಾರದ ಪಾಲು.

ಬೆಳೆ ಹಾಳು ಮಾಡುವ ಪ್ರಾಣಿಯ ವಿಷಯದಲ್ಲಿ ಅಧಿಕಾರಿ ಲಿಖಿತ ಆದೇಶ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ, ನಿಜ. ಅದು ನೊಂದ ರೈತನಿಗಾಗಿ ಇರುವ ದಾರಿ. ಅದನ್ನು ತೋರಿಸಿ "ನನ್ನತ್ರ ಪರ್ಮಿಷನ್ ಉಂಟು, ನೀವು ಬನ್ನಿ" ಎಂದು ಪ್ರವಾಸಿಗರನ್ನು ಕರೆಯುವವರನ್ನು ನಂಬಬೇಡಿ. ಊಟಕ್ಕೆ ಕೂತಾಗ "ಶಿಕಾರಿ ಮಾಂಸ ಇದೆ, ತಿಂತೀರಾ?" ಎಂದು ಯಾರಾದರೂ ಪಿಸುಗುಟ್ಟಿದರೂ ಅಷ್ಟೇ, ಬೇಡ ಅನ್ನಿ. ಕಾಡುಪ್ರಾಣಿಯ ಮಾಂಸ ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಗುಂಪಿನಲ್ಲಿ ಒಬ್ಬನಿಗೆ ಈ ವಿಷಯದಲ್ಲಿ "ಎಂತ ಆಗ್ತದೆ ಬಿಡು" ಎನ್ನುವ ಧೋರಣೆ ಇದ್ದರೆ ಅವನನ್ನು ಬಿಟ್ಟೇ ಹೋಗಿ. ನಾನು ಇದನ್ನು ಸೌಜನ್ಯಕ್ಕೆ ಹೇಳುತ್ತಿಲ್ಲ. ಒಬ್ಬ ಎಡವಿದರೆ ಜೀಪಿನಲ್ಲಿದ್ದ ಎಲ್ಲರೂ ಠಾಣೆಯಲ್ಲಿ ಕೂರಬೇಕಾಗುತ್ತದೆ.

ಎಷ್ಟು ಜನ, ಎಂಥವರು

ನಾಲ್ಕೈದು ಜನ ಸಾಕು. ಒಂದೇ ಗಾಡಿಯಲ್ಲಿ ಹಿಡಿಸುವಷ್ಟು. ಎಂಟು ಹತ್ತು ಜನ ಆದರೆ ಎಷ್ಟು ಎಚ್ಚರ ವಹಿಸಿದರೂ ಪಿಸುಮಾತು, ಕೆಮ್ಮು, ಚಿಪ್ಸ್ ಪ್ಯಾಕೆಟ್ಟಿನ ಸದ್ದು ನಿಲ್ಲುವುದಿಲ್ಲ. ಹಂದಿಗೆ ಕಣ್ಣು ಮಂದ, ಆದರೆ ಕಿವಿ ಮತ್ತು ಮೂಗು ಬಲು ಚುರುಕು. ಅರ್ಧ ಗಂಟೆ ಮಾತಾಡದೆ ಕೂರಬಲ್ಲವರನ್ನೇ ಆರಿಸಿ. ಕುಡಿಯುವ ಕಾರ್ಯಕ್ರಮವನ್ನು ಬೇರೆ ಯಾವತ್ತಾದರೂ ಇಟ್ಟುಕೊಳ್ಳಿ. ಕುಡಿದವನಿಗೆ ಸುಮ್ಮನಿರಲೂ ಆಗುವುದಿಲ್ಲ, ಹಂದಿ ನುಗ್ಗಿ ಬಂದರೆ ಓಡಲೂ ಆಗುವುದಿಲ್ಲ.

ಖರ್ಚಿನ ಲೆಕ್ಕ ಒಬ್ಬನ ಕೈಯಲ್ಲಿರಲಿ. ಹೊರಡುವ ಮೊದಲೇ ಎಲ್ಲರೂ ಸಮ ಹಾಕಿ, ಆ ದುಡ್ಡಲ್ಲೇ ನಡೆಸಿ.

ಯಾವಾಗ, ಎಲ್ಲಿಗೆ

ಮಳೆಗಾಲ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ದಾರಿಗಳನ್ನು ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಅಣಶಿ ಘಟ್ಟದಲ್ಲೂ ಮಣ್ಣು ಜಾರಿ ರಸ್ತೆ ಬಂದ್ ಆಗುವುದುಂಟು. ಮಳೆಗೆ ಕಾಡುದಾರಿ ಹಾಳಾದರೆ ಸಫಾರಿಯೂ ನಿಲ್ಲುತ್ತದೆ. ಜೊತೆಗೆ ಉಂಬಳದ ಕಾಟ.

ನನ್ನ ಆಯ್ಕೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರ. ನೆಲ ಇನ್ನೂ ಹಸಿ ಇರುತ್ತದೆ, ಹೆಜ್ಜೆ ಗುರುತು ಚೆನ್ನಾಗಿ ಕಾಣುತ್ತದೆ. ಗದ್ದೆಯಲ್ಲಿ ಭತ್ತ ಹಾಲು ತುಂಬಿ ಬಲಿಯುವ ಹೊತ್ತು, ಹಂದಿ ತಾನಾಗಿ ಊರಂಚಿಗೆ ಬರುತ್ತದೆ. ಮಂಗನ ಕಾಯಿಲೆಯ ಕಾಲ ಜೋರಾಗುವ ಮೊದಲೇ ತಿರುಗಾಟ ಮುಗಿದಿರುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಎರಡು ರಾತ್ರಿ ಇಟ್ಟುಕೊಳ್ಳಿ. ಒಂದು ರಾತ್ರಿ ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರ ಕಡೆಯ ಯಾರಾದರೂ ಪರಿಚಯದ ಕೃಷಿಕರ ಗದ್ದೆಯಲ್ಲಿ. ಇನ್ನೊಂದು ರಾತ್ರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಕುಳಗಿ ಇದೆ, ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಅಲ್ಲಿದೆ. ಅಣಶಿಯಲ್ಲೂ ಇಲಾಖೆಯ ಶಿಬಿರ ಇದೆ. ಪಣಸೋಲಿ ಕಡೆಯಿಂದ ಜೀಪ್ ಸಫಾರಿ ಹೊರಡುತ್ತದೆ. ಗಣೇಶಗುಡಿಯಲ್ಲಿ ಸರಕಾರಿ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ವಸತಿ ಇದೆ. ಅದು ಹಕ್ಕಿ ನೋಡುವವರಿಗೆ ಹೇಳಿ ಮಾಡಿಸಿದ ಜಾಗ. ಗುಂಪಿನಲ್ಲಿ ಕ್ಯಾಮೆರಾದವರು ಇದ್ದರೆ ಅಲ್ಲಿಂದ ಎದ್ದೇ ಬರುವುದಿಲ್ಲ, ಎಚ್ಚರ.

ಕಾರವಾರದಿಂದ ಹೊರಡುವವರು ಕದ್ರಾ ಮೇಲಿಂದ ಅಣಶಿ ಘಟ್ಟ ಹತ್ತಿ, ಜೋಯಿಡಾ, ಗಣೇಶಗುಡಿ ದಾಟಿ ದಾಂಡೇಲಿಗೆ ಬರಬಹುದು. ದಾರಿಯೇ ಅರ್ಧ ಪ್ರವಾಸ. ಶಿರಸಿಯವರಿಗೆ ಯಲ್ಲಾಪುರ ಮೇಲೆ ಹೋಗುವುದು ಸಲೀಸು. ಯಾರೇ ಆಗಲಿ, ಕಾಡಿನ ರಸ್ತೆಯನ್ನು ಹಗಲಲ್ಲೇ ದಾಟಿಬಿಡಿ.

ಬುಕಿಂಗ್ ಮತ್ತು ಗೈಡ್

ಸಫಾರಿ, ಶಿಬಿರ ಎರಡನ್ನೂ ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್ ಮೂಲಕವೇ ಮಾಡಿ. ವಾರದ ಕೊನೆಗೆ ಜಾಗ ಬೇಗ ತುಂಬುತ್ತದೆ, ಮಂಗಳವಾರ ಬುಧವಾರ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಲಾಟೆ ಕಡಿಮೆ. ಗುರುತಿನ ಚೀಟಿ ಎಲ್ಲರ ಹತ್ತಿರವೂ ಇರಲಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಫೋನ್ ಮಾಡಿ ಕೇಳಿ. ಆನೆ ಓಡಾಟ, ಮಳೆ, ಬೆಂಕಿ ಎಂದು ಇಲಾಖೆಯವರು ದಿಢೀರ್ ನಿಲ್ಲಿಸುವುದು ಉಂಟು.

ನಡೆದು ತಿರುಗುವ ಆಸೆ ಇದ್ದರೆ ಇಲಾಖೆ ಒಪ್ಪಿದ ದಾರಿಯಲ್ಲಿ, ಇಲಾಖೆ ಗೊತ್ತು ಮಾಡಿದ ಗೈಡ್ ಜೊತೆಗೆ ಮಾತ್ರ. ಗೈಡ್ ಯಾರು ಎನ್ನುವುದರ ಮೇಲೆ ಇಡೀ ತಿರುಗಾಟ ನಿಂತಿದೆ. ಜೋಯಿಡಾ ಕಡೆಯ ಕುಣಬಿ, ಗೌಳಿ ಮನೆಗಳಲ್ಲಿ ಹುಟ್ಟಿದವರು ಸಿಕ್ಕಿದರೆ ಅದೃಷ್ಟ ಅನ್ನಿ. ಅವರ ಮನೆಮಾತು ಕೊಂಕಣಿಯೋ ಮರಾಠಿಯೋ ಇರುತ್ತದೆ, ಕನ್ನಡ ಚೆನ್ನಾಗಿಯೇ ಬರುತ್ತದೆ. ವಯಸ್ಸಿನಲ್ಲಿ ದೊಡ್ಡವರಾದರೆ "ಅಣ್ಣ" ಅಂತಲೋ "ಮಾಮ" ಅಂತಲೋ ಕರೆಯಿರಿ. "ಏಯ್ ಗೈಡು" ಎಂದು ಕೂಗುವವರಿಗೆ ಕಾಡು ಎಷ್ಟು ಬೇಕೋ ಅಷ್ಟೇ ಕಾಣುತ್ತದೆ.

ಗೈಡ್ ಸಿಕ್ಕಿದ ಕೂಡಲೇ ಕೆಲವು ವಿಷಯ ಕೇಳಿಕೊಳ್ಳಿ. ಕಳೆದ ವಾರ ಈ ದಾರಿಯಲ್ಲಿ ಏನೇನು ಕಂಡಿತ್ತು? ಮರಿ ಇರುವ ಹಿಂಡು ಯಾವ ಕಡೆ ಇದೆ? ಆನೆ ಎದುರಾದರೆ ನಾವು ಯಾವ ಕಡೆ ಸರಿಯಬೇಕು? ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಇದೆ? ಒಳ್ಳೆಯ ಗೈಡ್ ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ನಿಮಗೂ ಎರಡು ಪ್ರಶ್ನೆ ಹಾಕುತ್ತಾರೆ: ಯಾರಿಗಾದರೂ ದಮ್ಮು, ಬಿಪಿ ಇದೆಯಾ, ಯಾರಿಗಾದರೂ ನಡೆಯಲು ಕಷ್ಟವಾ ಅಂತ. "ಹುಲಿ ಗ್ಯಾರಂಟಿ ತೋರಿಸ್ತೇನೆ", "ರಾತ್ರಿ ಒಳಗೆ ಕರ್ಕೊಂಡು ಹೋಗ್ತೇನೆ, ಯಾರಿಗೂ ಹೇಳಬೇಡಿ" ಎನ್ನುವವರು ಸಿಕ್ಕಿದರೆ ಅಲ್ಲಿಂದಲೇ ಕೈ ಮುಗಿದು ಬನ್ನಿ.

ಹಂದಿಯ ಗುರುತು ಓದುವುದು

ಸಫಾರಿಯಲ್ಲಿ ಹಂದಿ ಕಾಣಲೂಬಹುದು, ಕಾಣದೆಯೂ ಇರಬಹುದು. ಆದರೆ ಅದರ ಗುರುತು ಸಿಗದ ಕಾಡು ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕಣ್ಣು ನೆಲದ ಮೇಲಿರಲಿ.

ಮೊದಲಿಗೆ ಕಾಣುವುದು ಕೆದರಿದ ಮಣ್ಣು. ಹಂದಿ ಮೂತಿಯಿಂದ ನೆಲವನ್ನು ಉತ್ತ ಹಾಗೆ ಉದ್ದಕ್ಕೆ ಎತ್ತಿ ಹಾಕುತ್ತದೆ. ಎರೆಹುಳ, ಗಡ್ಡೆ, ಬೇರು ಹುಡುಕಿಕೊಂಡು ಒಂದು ಬೇಣವನ್ನೇ ಬೆಳಗಾಗುವಷ್ಟರಲ್ಲಿ ಮಗುಚಿಬಿಡಬಲ್ಲದು. ಮುಳ್ಳುಹಂದಿಯೂ ಅಗೆಯುತ್ತದೆ, ಆದರೆ ಅದರದು ಸಣ್ಣ ಬಾಯಿಯ ಗುಂಡಿ, ಅಲ್ಲೊಂದು ಇಲ್ಲೊಂದು. ಕರಡಿ ಹುತ್ತವನ್ನು ಹುಡುಕಿ ಒಡೆಯುತ್ತದೆ. ಈ ಮೂರನ್ನು ಬೇರೆ ಮಾಡಿ ಹೇಳಲು ಬಂದರೆ ಮೊದಲ ದಿನದ ಪಾಠ ಆದ ಹಾಗೆ.

ಆಮೇಲೆ ಬಗ್ಗಿ ಮಣ್ಣನ್ನು ಮುಟ್ಟಿ ನೋಡಿ. ಎದ್ದ ಹೆಂಟೆಯ ಅಂಚು ಚೂಪಾಗಿದ್ದು, ಒಳಗಿನ ಮಣ್ಣು ಇನ್ನೂ ಕಪ್ಪಗೆ ತೇವವಾಗಿದ್ದರೆ ರಾತ್ರಿಯದು. ಹರಿದ ಬೇರಿನ ತುದಿ ಬಿಳಿಯಾಗಿದ್ದರೆ ಹೊಸತು, ಕಂದು ತಿರುಗಿದ್ದರೆ ಹಳೆಯದು. ತರಗೆಲೆಯ ತೇವದ ಮಗ್ಗುಲು ಮೇಲಾಗಿ ಬಿದ್ದಿದ್ದು ಇನ್ನೂ ಒಣಗಿಲ್ಲ ಎಂದಾದರೆ ಬೆಳಗ್ಗೆ ಅಲ್ಲೇ ಇತ್ತು ಅಂತ ಅರ್ಥ. ಹೆಂಟೆಗಳ ನಡುವೆ ಜೇಡ ಬಲೆ ಕಟ್ಟಿದ್ದರೆ ಆ ಜಾಗವನ್ನು ಬಿಟ್ಟು ಮುಂದೆ ಹೋಗಿ.

ಹೆಜ್ಜೆ ಗುರುತು ಇನ್ನೂ ಚಂದ. ಹಂದಿಗೂ ಜಿಂಕೆಗೂ ಗೊರಸು ಎರಡು ಸೀಳು. ಜಿಂಕೆಯ, ಕಡವೆಯ ಗೊರಸಿನ ತುದಿ ಚೂಪು. ಹಂದಿಯದು ತುಸು ಅಗಲ, ತುದಿ ಮೊಂಡು. ಅದಕ್ಕಿಂತ ಮುಖ್ಯವಾದದ್ದು ಹಿಂದಿನ ಎರಡು ಪುಟ್ಟ ಗೊರಸುಗಳು. ಹಂದಿಯಲ್ಲಿ ಅವು ಕೆಳಗೆ ಇರುತ್ತವೆ, ಸುಮ್ನೆ ನಡೆದರೂ ಮೆತ್ತನೆ ಮಣ್ಣಿನಲ್ಲಿ ಹೆಜ್ಜೆಯ ಹಿಂದೆ, ಆಚೆ ಈಚೆ ಎರಡು ಚುಕ್ಕಿ ಮೂಡುತ್ತವೆ. ಜಿಂಕೆಯಲ್ಲಿ ಅವು ಓಡುವಾಗಲೋ ಕೆಸರಲ್ಲಿ ಹೂತಾಗಲೋ ಮಾತ್ರ ಕಾಣುತ್ತವೆ. ಹಳ್ಳದ ಅಂಚಿನ ಮರಳಿನಲ್ಲಿ ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಒಂದು ದೊಡ್ಡ ಹೆಜ್ಜೆಯ ಸುತ್ತ ಸಣ್ಣ ಹೆಜ್ಜೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮರಿಗಳಿರುವ ಹಿಂಡು. ಒಂದೇ ಸಾಲು, ದೊಡ್ಡ ಹೆಜ್ಜೆ, ಜೊತೆಗೆ ಯಾರೂ ಇಲ್ಲ ಎಂದರೆ ಒಂಟಿ ಗಂಡು. ಬಲಿತ ಗಂಡು ಸುಲಭವಾಗಿ ನೂರು ಕಿಲೋ ದಾಟುತ್ತದೆ.

ಕೆಸರು ಹೊಂಡ ಸಿಕ್ಕಿದರೆ ಅಲ್ಲೇ ಸ್ವಲ್ಪ ನಿಲ್ಲಿ. ಹಂದಿ ಹೊರಳಾಡಿ ಎದ್ದು, ಹತ್ತಿರದ ಮರಕ್ಕೆ ಮೈ ಉಜ್ಜಿರುತ್ತದೆ. ಕಾಂಡದ ಮೇಲೆ ಕೆಸರು ಎಷ್ಟು ಎತ್ತರಕ್ಕೆ ಹತ್ತಿದೆ ನೋಡಿ. ಮೊಣಕಾಲಿನಷ್ಟಾದರೆ ಪಡ್ಡೆ ಹಂದಿ, ತೊಡೆ ದಾಟಿದ್ದರೆ ದೊಡ್ಡದು. ಒಣಗಿದ ಕೆಸರಿನಲ್ಲಿ ಒರಟು ಕೂದಲು ಅಂಟಿಕೊಂಡಿರುತ್ತದೆ, ತುದಿ ಸೀಳಿದ ಕಪ್ಪು ಕೂದಲು. ಹೊಂಡದ ನೀರು ಇನ್ನೂ ಕದಡಿದೆ, ಬಗ್ಗಡ ತಳ ಸೇರಿಲ್ಲ ಎಂದಾದರೆ ಹಂದಿ ಈಗಷ್ಟೇ ಎದ್ದು ಹೋಗಿದೆ. ಆಗ ಮಾತು ನಿಲ್ಲಿಸಿ, ಗೈಡ್ ಮುಖ ನೋಡಿ, ಅವರು ಹೇಳಿದಂತೆ ಮಾಡಿ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ಒಣ ಮಣ್ಣಿನ ಪುಡಿಯನ್ನು ಬೆರಳಿಂದ ಉದುರಿಸಿದರೆ ಸಾಕು. ಹಗಲು ಬಿಸಿಲೇರಿದ ಮೇಲೆ ಗಾಳಿ ಸಾಮಾನ್ಯವಾಗಿ ಕಣಿವೆಯಿಂದ ಗುಡ್ಡದ ಕಡೆ ಏರುತ್ತದೆ. ಹೊತ್ತು ಮುಳುಗಿದ ಮೇಲೆ ತಂಪಾಗಿ ಕೆಳಗಿಳಿಯುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಎದುರಿನ ಹಂದಿಗೆ ನಿಮ್ಮ ಸುದ್ದಿ ಆಗಲೇ ಮುಟ್ಟಿದೆ. ಸೆಂಟು, ಬಾಡಿ ಸ್ಪ್ರೇ, ಸಿಗರೇಟು ಮನೆಯಲ್ಲೇ ಇರಲಿ.

ಗದ್ದೆ ಮಾಳದಲ್ಲಿ ಒಂದು ರಾತ್ರಿ

ಹಂದಿಯನ್ನು ಹತ್ತಿರದಿಂದ ನೋಡುವ ಸಾಧ್ಯತೆ ಸಫಾರಿಗಿಂತ ಇಲ್ಲೇ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ಕಂಬ, ಅಡಿಕೆ ದಬ್ಬೆಯ ಅಟ್ಟ, ಮೇಲೆ ಸೋಗೆಯೋ ತಗಡೋ, ಇಷ್ಟೇ ಮಾಳ. ಕೊಯ್ಲಿನವರೆಗೂ ನಮ್ಮ ಕಡೆಯ ಎಷ್ಟೋ ರೈತರಿಗೆ ಅದೇ ಮಲಗುವ ಮನೆ. ಪ್ರವಾಸಿಗರಿಗೆ ಇದು ಒಂದು ರಾತ್ರಿಯ ಮಜಾ, ಅವರಿಗೆ ವರ್ಷದ ಅನ್ನದ ಪ್ರಶ್ನೆ. ಹಾಗಾಗಿ ಕೇಳಿಕೊಂಡು, ಅವರಿಗೆ ಅನುಕೂಲವಾದ ದಿನ ಹೋಗಿ. ಬರಿಗೈಲಿ ಹೋಗಬೇಡಿ. ಒಳ್ಳೆಯ ಟಾರ್ಚು, ಬ್ಯಾಟರಿ, ಚಾಪುಡಿ, ಸಕ್ಕರೆ ಒಯ್ದರೆ ಉಪಯೋಗಕ್ಕೆ ಬರುತ್ತದೆ.

ಸಂಜೆ ಬೆಳಕಿರುವಾಗಲೇ ಗದ್ದೆಯ ಅಂಚು ಸುತ್ತಿ ಬನ್ನಿ. ಯಜಮಾನರೇ ತೋರಿಸುತ್ತಾರೆ, ಹಂದಿ ಬೇಲಿ ನುಸುಳುವ ಕಂಡಿ ಎಲ್ಲಿದೆ, ನಿನ್ನೆ ಎಲ್ಲಿ ಮಲಗಿ ಹೊರಳಾಡಿದೆ ಅಂತ. ಹಂದಿ ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ತೆನೆಯನ್ನು ಬಾಯಲ್ಲಿ ಎಳೆದು, ಅಗಿದು, ರಸ ಹೀರಿ, ಸಿಪ್ಪೆಯ ಉಂಡೆಯನ್ನು ಅಲ್ಲೇ ಉಗುಳಿರುತ್ತದೆ. ಆ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ರೈತರು ಯಾಕೆ ಇಷ್ಟು ಬೇಸತ್ತಿದ್ದಾರೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ. ತೋಟದಲ್ಲಾದರೆ ಬಾಳೆ ಬುಡ, ಕೆಸು, ಸುವರ್ಣಗಡ್ಡೆ ಯಾವುದನ್ನೂ ಬಿಡುವುದಿಲ್ಲ.

ಕತ್ತಲಾದ ಮೇಲೆ ಮಾಳದಿಂದ ಇಳಿಯಬೇಡಿ. ಟಾರ್ಚ್ ಯಜಮಾನರ ಕೈಯಲ್ಲಿರಲಿ. ಮೊದಲು ಬರುವುದು ಸಪ್ಪಳ: ತರಗೆಲೆಯ ಚರಚರ, ಆಮೇಲೆ ಕೆಸರಲ್ಲಿ ಕಾಲು ಎತ್ತಿಡುವ ಪಚಪಚ, ಮರಿಗಳ ಸಣ್ಣ ಗುರುಗುರು. ಭತ್ತದ ಗಿಡ ಅಲುಗುವುದು ಬೆಳದಿಂಗಳಲ್ಲಿ ಕಾಣುತ್ತದೆ, ಮೈ ಕಾಣುವುದಿಲ್ಲ. ಯಜಮಾನರು ಒಂದು ಕ್ಷಣ ಬೆಳಕು ಬಿಟ್ಟಾಗ ತಾಯಿ ಹಂದಿಯ ಬೆನ್ನ ಮೇಲಿನ ನಿಮಿರಿದ ಕೂದಲು, ಹಿಂದೆ ಉದ್ದ ಗೀಟಿನ ಕಂದು ಮರಿಗಳು. ಅಷ್ಟರಲ್ಲಿ ಅವರು "ಹೋ... ಹೋಯ್" ಎಂದು ಕೂಗಿ ಡಬ್ಬ ಬಡಿಯುತ್ತಾರೆ, ಇಡೀ ಹಿಂಡು ಒಂದೇ ಸಲ ಬೇಲಿಯಾಚೆ. ನೀವು ಕೂಗುವುದು, ಹಿಂದೆ ಓಡುವುದು, ಕಲ್ಲು ಹೊಡೆಯುವುದು ಯಾವುದೂ ಬೇಡ. ಫೋಟೊಕ್ಕೆ ಸ್ವಲ್ಪ ಹೊತ್ತು ಹಂದಿ ಮೇಯಲಿ ಎಂದು ಅವರನ್ನು ತಡೆಯಲೂಬೇಡಿ.

ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆ ಈ ದಿನಗಳಲ್ಲಿ ಆನೆಗಳೂ ಗದ್ದೆಗೆ ಇಳಿಯುತ್ತವೆ. ಆನೆ ಬಂದಿದೆ ಎಂಬ ಸುದ್ದಿ ಇದ್ದ ಊರಿನಲ್ಲಿ ಮಾಳದ ಯೋಚನೆಯನ್ನೇ ಬಿಡಿ.

ಎದುರಾದರೆ, ಮತ್ತು ಎದುರಾಗದ ಅಪಾಯಗಳು

ಹಂದಿ ಸುಮ್ಮಸುಮ್ಮನೆ ಮೇಲೆ ಬೀಳುವ ಪ್ರಾಣಿ ಅಲ್ಲ. ಗಾಯವಾಗಿದ್ದರೆ, ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ, ಮರಿ ಜೊತೆಗಿದ್ದರೆ ನುಗ್ಗುತ್ತದೆ. ದೂರದಲ್ಲಿ ಕಂಡರೆ ನಿಲ್ಲಿ, ಅದಕ್ಕೆ ಹೋಗಲು ದಾರಿ ಬಿಡಿ, ನಿಧಾನ ಹಿಂದೆ ಸರಿಯಿರಿ. ಮರಿಗೂ ತಾಯಿಗೂ ನಡುವೆ ಹೋಗಿ ನಿಲ್ಲುವ ತಪ್ಪು ಯಾವತ್ತೂ ಮಾಡಬೇಡಿ. ಬೆನ್ನ ಕೂದಲು ನಿಮಿರಿಸಿ, ಹಲ್ಲು ಕಟಕಟ ಕಡಿಯುತ್ತಾ ನಿಂತರೆ ಅದು ಎಚ್ಚರಿಕೆ. ನುಗ್ಗಿಯೇ ಬಿಟ್ಟರೆ ಹತ್ತಲು ಬರುವ ಮರ, ಬಂಡೆ, ಜೀಪು ಯಾವುದಾದರೂ ಸರಿ, ನೆಲ ಬಿಟ್ಟು ಮೇಲೇರಿ. ಗಂಡುಹಂದಿಯ ಕೋರೆ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಪಾಯ ಅಲ್ಲೇ. ಗಾಯವಾದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಒಯ್ಯಿರಿ. ಸಿಗ್ನಲ್ ಇಲ್ಲದಿದ್ದರೆ ಕಾಯದೆ ನಿಮ್ಮ ಗಾಡಿಯಲ್ಲೇ ಹೊರಡಿ. ರೇಬಿಸ್ ಚುಚ್ಚುಮದ್ದಿನ ವಿಷಯವನ್ನು ಡಾಕ್ಟರ ಹತ್ತಿರ ನೀವೇ ಎತ್ತಿ.

ಕಾಡಿನ ನೆಲದ ಮೇಲೆ ಹುಲ್ಲು, ಸೊಪ್ಪು, ಕಡ್ಡಿ ರಾಶಿ ಹಾಕಿದ ಗುಪ್ಪೆ ಕಂಡರೆ ಹತ್ತಿರ ಹೋಗಬೇಡಿ. ಹೆಣ್ಣುಹಂದಿ ಮರಿ ಹಾಕಲು ಕಟ್ಟಿಕೊಂಡ ಗೂಡಿರಬಹುದು, ಒಳಗೇ ಮಲಗಿರಲೂಬಹುದು.

ಇದಕ್ಕಿಂತ ನನಗೆ ಹೆಚ್ಚು ಹೆದರಿಕೆ ಮನುಷ್ಯರು ಇಟ್ಟ ವಸ್ತುಗಳದ್ದು. ಹಂದಿ ಕೊಲ್ಲಲು ಕೆಲವರು ಸಿಡಿಮದ್ದಿನ ಉಂಡೆ ಮಾಡಿ, ಅದಕ್ಕೆ ಕೊಬ್ಬೋ ಹಿಟ್ಟೋ ಸವರಿ ದಾರಿಯಲ್ಲಿ ಇಡುತ್ತಾರೆ. ಕಚ್ಚಿದರೆ, ತುಳಿದರೆ, ಹಿಸುಕಿದರೆ ಸಿಡಿಯುತ್ತದೆ. ದನಕರುಗಳ ಬಾಯಿ ಛಿದ್ರವಾದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕಾಡಂಚಿನಲ್ಲಿ ಬಟ್ಟೆಯೋ ದಾರವೋ ಸುತ್ತಿದ ಉಂಡೆ ಕಂಡರೆ ಕಾಲಲ್ಲಿ ಒದೆಯಬೇಡಿ, ಕೈಯಲ್ಲಿ ಎತ್ತಬೇಡಿ, ನಾಯಿಯನ್ನು ಹತ್ತಿರ ಬಿಡಬೇಡಿ. ಜಾಗ ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಿ. ಬೈಕ್ ಕ್ಲಚ್ ಕೇಬಲ್ಲಿನ ಉರುಳು ಕಂಡರೂ ತಿಳಿಸಿ. ಇನ್ನೊಂದು, ಬೇಲಿಗೆ ಕದ್ದು ಹರಿಸಿದ ಕರೆಂಟು. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುತ್ತದೆ, ಬೆಚ್ಚಿಬೀಳಿಸುತ್ತದೆ ಅಷ್ಟೇ. ನೇರ ಲೈನಿನ ಕರೆಂಟು ಜೀವ ತೆಗೆಯುತ್ತದೆ. ಯಾವ ಬೇಲಿ ಯಾವುದು ಎಂದು ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಕತ್ತಲಲ್ಲಿ ಯಾರ ಬೇಲಿಯನ್ನೂ ಮುಟ್ಟಬೇಡಿ, ದಾಟಬೇಡಿ.

ಬಟ್ಟೆ, ಚೀಲ, ಉಣುಗು

ಮಾಸಲು ಹಸಿರು ಅಥವಾ ಮಣ್ಣಿನ ಬಣ್ಣದ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಪಾದ ಮುಚ್ಚುವ ಬೂಟು. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ತಲೆಗೆ ಟೋಪಿ. ಚೀಲದಲ್ಲಿ ನೀರು, ಟಾರ್ಚು, ಸೀಟಿ, ಬ್ಯಾಂಡೇಜು, ನಿಮ್ಮ ಮಾಮೂಲಿ ಮಾತ್ರೆ. ಉಂಬಳ ಹತ್ತಿದರೆ ಸುಣ್ಣವೋ ಉಪ್ಪೋ ಸಾಕು. ಊಟ ತೀರ ಸರಳವಾಗಿರಲಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಸಿಪ್ಪೆಯನ್ನೂ ವಾಪಸ್ ತನ್ನಿ.

ಉಣುಗಿನ (ಉಣ್ಣೆಯ) ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಅದು ಕಚ್ಚಿಯೇ. ಈ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು. ಅದು ನಮ್ಮ ಪಕ್ಕದ ತಾಲೂಕು. 2024ರಲ್ಲಿ ಸಿದ್ದಾಪುರ ಕಡೆ ಅನೇಕರಿಗೆ ಬಂತು, ಸಾವೂ ಆಯಿತು. ಡಿಸೆಂಬರ್‌ನಿಂದ ಮೇ ತನಕ, ತರಗೆಲೆ ಒಣಗಿದ ಕಾಲದಲ್ಲಿ ಇದು ಹೆಚ್ಚು. ಕಾಡಿಗೆ ಹೊರಡುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಕಾಯಿಲೆ ಇರುವ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಆ ಕಡೆಗೇ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಸಫಾರಿಯ ಬೆಳಗ್ಗೆ

ಬೆಳಗಿನ ಸುತ್ತು ಹಿಡಿಯಿರಿ. ಹಂದಿ ರಾತ್ರಿ ಮೇಯುತ್ತದೆ, ಬೆಳಗ್ಗೆ ಬೆಳಕು ಹರಿಯುವಾಗ ಮಲಗಲು ಪೊದೆಯ ಕಡೆ ಹೋಗುತ್ತದೆ. ಹಿಂಡು ರಸ್ತೆ ದಾಟುವುದು ಆ ಹೊತ್ತಲ್ಲೇ. ಮುಂದೆ ತಾಯಿ, ನಡುವೆ ಮರಿ, ಬಾಲ ನೆಟ್ಟಗೆ ಎತ್ತಿಕೊಂಡು ಓಡುತ್ತವೆ. ಜೀಪಿನಲ್ಲಿ ಕುಳಿತವರು ಎದ್ದು ನಿಲ್ಲಬೇಡಿ. ಕಾಡುಕೋಣ, ಕಡವೆ, ಮಂಗಟ್ಟೆ ಹಕ್ಕಿ ಸಿಕ್ಕಿದರೆ ಅದನ್ನೂ ಮನಸಾರೆ ನೋಡಿ. "ಕಪ್ಪು ಚಿರತೆ ಎಲ್ಲಿ?" ಎಂದು ಡ್ರೈವರಣ್ಣನ ಜೀವ ತಿನ್ನಬೇಡಿ. ಕಾಳಿ ಕಾಡಿನಲ್ಲಿ ಅದು ಇರುವುದು ಹೌದು, ನಮ್ಮ ಟೈಮಿಗೆ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಗೈಡ್‌ಗೆ, ಮಾಳದ ಯಜಮಾನರಿಗೆ ಫೋಟೊ ಕಳಿಸಿ. ಹಾಕುತ್ತೇವೆ ಎಂದು ಹೇಳಿ ಮರೆಯುವವರೇ ಹೆಚ್ಚು. ಹಂದಿಯೋ ಚಿರತೆಯೋ ಕಂಡ ಜಾಗದ ಲೊಕೇಶನ್ ಮಾತ್ರ ಎಲ್ಲೂ ಹಾಕಬೇಡಿ, ಫೋಟೊ ಹಾಕುವ ಮೊದಲು ಮೊಬೈಲಿನ ಲೊಕೇಶನ್ ತೆಗೆದುಬಿಡಿ. ಉರುಳು ಹಾಕುವವರೂ ಮೊಬೈಲ್ ನೋಡುತ್ತಾರೆ.

ಹಾಕಿದ ಬಟ್ಟೆಯನ್ನು ಬಿಸಿ ನೀರಲ್ಲಿ ನೆನೆಸಿ. ಬಿಸಿ ನೀರು ಸೋಪಿನಲ್ಲಿ ಮೈ ಉಜ್ಜಿ ತೊಳೆದು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು ಇದೆಯಾ ನೋಡಿಕೊಳ್ಳಿ. ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಯಾವ ಊರಿನ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂದು ಅವರು ಕೇಳುವ ಮೊದಲೇ ಹೇಳಿ.